ಎಂಜಿನ್ನಿನ ಎಂಜಲು

ಇನ್ನು ಮೇಲೆ ಆ ಡಬ್ಬಿಯನ್ನು ನಾನು ಮುಟ್ಟುವುದಿಲ್ಲ. ಆಕಾಶ ಕಳಚಿ ಬಿದ್ದರೂ ಮುಟ್ಟುವುದಿಲ್ಲ, ಆ ಕಾರು ನಡುರಸ್ತೆಯಲ್ಲಿ ಕೂತು ಗೋಳೋ ಎಂದು ಅತ್ತರೂ ಮುಟ್ಟುವುದಿಲ್ಲ! ಒಂದು ಭಾನುವಾರ ಬೆಳಿಗ್ಗೆ, ಎರಡೂ ಕೈ ಮೊಣಕೈವರೆಗೆ ಕಪ್ಪಾಗಿದ್ದಾಗ, ಅಡುಗೆಮನೆಯ ಸಿಂಕಿನ ಮುಂದೆ ನಿಂತು ನಾನು ಹೀಗೆ ಘೋರ ಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಇಬ್ಬರಿದ್ದರು. ಒಬ್ಬರು ನನ್ನ ಗಂಡ. ಪತ್ರಿಕೆ ಓದುತ್ತಿದ್ದವರು ಪುಟ ತಿರುಗಿಸಿದರು. ಇನ್ನೊಬ್ಬರು ನನ್ನ ಅತ್ತೆ. ಬಟಾಣಿ ಸುಲಿಯುತ್ತಿದ್ದವರು ತಲೆಯೆತ್ತಲಿಲ್ಲ.

ಪ್ರತಿಜ್ಞೆ ಮಾಡಿದವಳು ಸಾಮಾನ್ಯಳಲ್ಲ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಾನು ಹದಿನಾಲ್ಕು ವರ್ಷದಿಂದ ಕೆಲಸದಲ್ಲಿದ್ದೇನೆ. ಈ ನಗರ ಕುಡಿಯುವ ನೀರಿನಲ್ಲಿ ಏನಿದೆ, ಏನಿಲ್ಲ ಎಂದು ಹೇಳುವವಳು ನಾನು. ಸಾವಿರಾರು ನಲ್ಲಿಗಳು ನನ್ನ ಸಹಿಗಾಗಿ ಕಾಯುತ್ತವೆ. ಅಂಥವಳನ್ನು ಚಹದ ಲೋಟಕ್ಕಿಂತ ಚೂರು ದೊಡ್ಡದಾದ ಒಂದು ಡಬ್ಬಿ ಆಳುವುದೆಂದರೇನು?

ಡಬ್ಬಿಯ ಪುರಾಣ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ನನ್ನ ಗಂಡನ ಬಳಿ ಒಂದು ಹಳೆಯ ಕಾರಿದೆ. ಅದಕ್ಕೆ ಅವರು ಟರ್ಬೊ ಕೂಡಿಸಿ, ಕೊಳವೆಗಳನ್ನು ಬದಲಿಸಿ, ಕುದುರೆಯ ಶಕ್ತಿ ತುಂಬಿದ್ದಾರೆ. ಅದು ಹೊರಟಿತೆಂದರೆ ಎದುರು ಮನೆಯ ನಾಯಿ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಸವತಿ ಎಂದು ಕರೆಯೋಣವೆಂದರೆ ನನಗೆ ಮನಸ್ಸು ಬಾರದು. ಸವತಿಯಾಗಿದ್ದರೆ ವಾರಕ್ಕೊಮ್ಮೆಯಾದರೂ ಮನೆ ಗುಡಿಸುತ್ತಿದ್ದಳು!

ಈ ಎಂಜಿನ್ನಿಗೆ ತೇಗು ಬರುತ್ತದೆ. ಒಳಗೆ ಪೆಟ್ರೋಲು ಉರಿದಾಗ ಒಂದಿಷ್ಟು ಗಾಳಿ ಪಿಸ್ಟನ್ನಿನ ಪಕ್ಕದಿಂದ ನುಸುಳಿ, ಕೆಳಗಿನ ಎಣ್ಣೆ ತುಂಬಿದ ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆಯಲ್ಲಿ ಗಾಳಿ ಕಟ್ಟಿಕೊಂಡರೆ ಯಾರಿಗೇ ಆಗಲಿ ಕಷ್ಟ. ಅದಕ್ಕೆಂದೇ ಒಂದು ಕೊಳವೆ ಇಟ್ಟಿರುತ್ತಾರೆ. ಎಂಜಿನ್ನು ಅದರಲ್ಲಿ ತೇಗುತ್ತದೆ, ತೇಗಿದ್ದನ್ನು ತಾನೇ ಉಸಿರಿನ ಜೊತೆ ಮತ್ತೆ ಎಳೆದುಕೊಂಡು ಸುಟ್ಟುಹಾಕುತ್ತದೆ. ತನ್ನ ಎಂಜಲನ್ನು ತಾನೇ ತಿಂದು ಯಾರಿಗೂ ತೊಂದರೆ ಕೊಡದ ಸಂಭಾವಿತ ಏರ್ಪಾಡು. ನಮ್ಮ ಮನೆಯ ಗಂಡಸಿಗೆ ಇಂಥ ಏರ್ಪಾಡು ಹೇಗೆ ತಾನೇ ಹಿಡಿಸೀತು?

ಅವರ ಪ್ರಕಾರ ಆ ತೇಗಿನಲ್ಲಿ ಎಣ್ಣೆಯ ಹನಿಗಳಿರುತ್ತವೆ; ಅವು ಎಂಜಿನ್ನಿನ ಶ್ವಾಸನಾಳಕ್ಕೆ ಮೆತ್ತಿಕೊಂಡು ಶಕ್ತಿ ಕುಂದಿಸುತ್ತವೆ. ಆದ್ದರಿಂದ ಕೊಳವೆಯ ನಡುವೆ ಒಂದು ಡಬ್ಬಿ ಕೂರಿಸಬೇಕು. ಎಣ್ಣೆ ಅದರಲ್ಲಿ ಬೀಳಬೇಕು, ಶುದ್ಧ ಗಾಳಿ ಮಾತ್ರ ಮುಂದೆ ಹೋಗಬೇಕು. ಅದರ ಹೆಸರು ಕ್ಯಾಚ್ ಕ್ಯಾನ್. ನಾನು ಅದನ್ನು ಎಂಜಿನ್ನಿನ ಪೀಕದಾನಿ ಎಂದೆ. ಅವರು ಎರಡು ದಿನ ಮಾತಾಡಲಿಲ್ಲ.

ಡಬ್ಬಿ ಬಂತು. ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು. ಒಳಗೆ ಬರೀ ಟೊಳ್ಳು. ಎಣ್ಣೆಯ ಹನಿ ತಡೆಯಲು ಏನಾದರೂ ತುಂಬಬೇಕಲ್ಲ ಎಂದು ಅವರು ಅಡುಗೆಮನೆಗೆ ಬಂದು, ನಾನು ಹಿಂದಿನ ದಿನವಷ್ಟೇ ಬಿಚ್ಚಿಟ್ಟಿದ್ದ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಎತ್ತಿಕೊಂಡು ಹೋದರು. ಮದುವೆಯಾದ ಏಳು ವರ್ಷದಲ್ಲಿ ಅವರ ಕೈ ಸ್ಟೀಲ್ ನಾರನ್ನು ಹಿಡಿದದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಯಾವ ಭಾವದಿಂದ ಎಂದು ಕೇಳಬೇಡಿ.

ಈ ಡಬ್ಬಿ ಎರಡು ಮೂರು ವಾರಕ್ಕೊಮ್ಮೆ ತುಂಬುತ್ತದೆ. ಚಳಿಗಾಲವಾದರೆ ಇನ್ನೂ ಬೇಗ. ಒಳಗೆ ಇಳಿಯುವುದು ಬರೀ ಎಣ್ಣೆಯಲ್ಲ. ನೀರು, ಪೆಟ್ರೋಲು, ಎಣ್ಣೆ ಎಲ್ಲ ಕಲಸಿದ, ಹಳಸಿದ ಕೆನೆಯಂಥ ಒಂದು ಗಸಿ. ನಾತವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಆದ್ದರಿಂದ ಪ್ರತಿವಾರ ಬಾನೆಟ್ಟು ಎತ್ತಿ, ಡಬ್ಬಿಯ ತಳದ ಪುಟ್ಟ ನಲ್ಲಿ ತಿರುಗಿಸಿ, ಬಾಟಲಿಗೆ ಬಸಿದುಕೊಳ್ಳಬೇಕು. ಮೊದಲ ಭಾನುವಾರ ಅವರು ಸಂಭ್ರಮದಿಂದ ಬಸಿದರು, ಫೋಟೋ ತೆಗೆದುಕೊಂಡರು. ಎರಡನೆಯ ಭಾನುವಾರ ಟಾರ್ಚು ಹಿಡಿಯಲು ನನ್ನನ್ನು ಕರೆದರು. ಮೂರನೆಯ ಭಾನುವಾರ ಬಾಟಲಿಯನ್ನೂ ನಾನೇ ಹಿಡಿದೆ. ನಾಲ್ಕನೆಯ ಭಾನುವಾರ ನಾನು ಬಸಿದೆ, ಅವರು ಟಾರ್ಚು ಹಿಡಿದರು. ಐದನೆಯ ಭಾನುವಾರ ಟಾರ್ಚು ಬಾನೆಟ್ಟಿನ ಕೊಕ್ಕೆಗೆ ನೇತಾಡುತ್ತಿತ್ತು, ಅವರು ಒಳಗೆ ಪತ್ರಿಕೆ ಓದುತ್ತಿದ್ದರು. ಗಂಡಸಿನ ಹವ್ಯಾಸ ಹೆಂಗಸಿನ ಕರ್ತವ್ಯವಾಗಿ ಬಡ್ತಿ ಪಡೆಯಲು ಬೇಕಾದ ಅವಧಿ ಐದು ಭಾನುವಾರ. ಇದು ನನ್ನ ಸಂಶೋಧನೆ. ಯಾರು ಬೇಕಾದರೂ ಬಳಸಿಕೊಳ್ಳಬಹುದು.

ಕೇಳಿದರೆ ಅವರ ಬಳಿ ತರ್ಕ ಸಿದ್ಧವಾಗಿತ್ತು. ಅವರ ಕನ್ನಡಕದಂಗಡಿ ಎರಡು ಬೀದಿಯಾಚೆ, ನಡೆದೇ ಹೋಗುತ್ತಾರೆ. ಕಾರು ನಿಂತಲ್ಲೇ ನಿಂತರೆ ಬ್ಯಾಟರಿ ಸಾಯುತ್ತದೆಂದು ಅದನ್ನು ನನ್ನ ಆಫೀಸಿಗೆ ಕಳಿಸುತ್ತಾರೆ, ನನ್ನ ಕಾಲಿನ ಮೇಲಿನ ಕನಿಕರದಿಂದಲ್ಲ.

“ನೋಡು, ನೀನು ಓಡಿಸೋದು ದಿನಾ ಮೂರು ಕಿಲೋಮೀಟರು. ಎಂಜಿನ್ನು ಬಿಸಿಯಾಗೋದ್ರೊಳಗೆ ಆಫ್ ಮಾಡ್ತೀಯ. ಅದಕ್ಕೇ ಒಳಗೆ ನೀರು ಕಟ್ಟಿಕೊಳ್ಳೋದು. ಡಬ್ಬಿ ತುಂಬಿಸ್ತಿರೋಳು ನೀನು, ಖಾಲಿ ಮಾಡ್ಬೇಕಾದೋಳೂ ನೀನೇ,” ಎಂದರು.

“ತುಂಬಿಸಿದೋರೇ ಖಾಲಿ ಮಾಡ್ಬೇಕು ಅಂತಾದ್ರೆ, ನೀವು ಉಂಡ ತಟ್ಟೆ ಏಳು ವರ್ಷದಿಂದ ಸಿಂಕಿನಲ್ಲಿ ಯಾರಿಗೆ ಕಾಯ್ತಿದೆ?”

“ಅದು ಬೇರೆ ವಿಷಯ.”

ನಮ್ಮ ಮನೆಯಲ್ಲಿ ಬೇರೆ ವಿಷಯಗಳ ದೊಡ್ಡ ಉಗ್ರಾಣವೇ ಇದೆ. ಒಗೆದ ಬಟ್ಟೆ ಮಡಚುವುದು ಬೇರೆ ವಿಷಯ, ಹಾಲು ಉಕ್ಕದಂತೆ ಕಾಯುವುದು ಬೇರೆ ವಿಷಯ, ಗ್ಯಾಸ್ ಮುಗಿದದ್ದು ತೀರಾ ಬೇರೆ ವಿಷಯ. ಉಗ್ರಾಣದ ಬೀಗದಕೈ ಮಾತ್ರ ನನ್ನ ಸೊಂಟದಲ್ಲಿ. ಆವತ್ತೇ ನಾನು ಸಿಂಕಿನ ಮುಂದೆ ಮೇಲೆ ಹೇಳಿದ ಪ್ರತಿಜ್ಞೆ ಮಾಡಿದ್ದು.

ಸುಮ್ಮನೆ ಪ್ರತಿಜ್ಞೆ ಮಾಡಿ ಕೂರುವ ಜಾತಿಯವಳಲ್ಲ ನಾನು. ಡಬ್ಬಿಯ ಪಕ್ಕದಲ್ಲಿ ಬೆರಳುದ್ದದ ಗಾಜಿನ ಕೊಳವೆಯಿದೆ; ಒಳಗೆ ಎಷ್ಟು ತುಂಬಿದೆಯೆಂದು ಅದರಲ್ಲಿ ಕಾಣುತ್ತದೆ. ಒಂದು ನೋಟ್‌ಬುಕ್ಕು ತೆಗೆದೆ, ಗೆರೆ ಎಳೆದೆ, ಪ್ರಯೋಗಾಲಯದ ಶಿಸ್ತಿನಲ್ಲಿ ವಾರವಾರವೂ ಬರೆದೆ. ಮೊದಲ ವಾರ ಮೂರನೆಯ ಒಂದು ಭಾಗ. ಎರಡನೆಯ ವಾರ ಅರ್ಧಕ್ಕಿಂತ ಮೇಲೆ. ಮೂರನೆಯ ಭಾನುವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾನೆಟ್ಟು ಎತ್ತಿದರೆ, ಕೊಳವೆ ಖಾಲಿ! ತಳದವರೆಗೂ ಖಾಲಿ! ಡಬ್ಬಿಯ ಮೈ ಕೂಡ ಒರೆಸಿ ಫಳಫಳ ಎನ್ನುತ್ತಿತ್ತು.

ನಾನು ಗೆದ್ದಿದ್ದೆ. ಮಹಾಯುದ್ಧಗಳನ್ನು ಗೆದ್ದವರಿಗೂ ಇಷ್ಟು ಸಂತೋಷವಾಗಿರಲಿಕ್ಕಿಲ್ಲ. ಆದರೂ ತುಟಿ ಬಿಚ್ಚಲಿಲ್ಲ. ಗಂಡಸು ಮನೆಗೆಲಸ ಮಾಡಿದಾಗ ಹೊಗಳಿದರೆ ಅದನ್ನು ಉಪಕಾರವೆಂದು ತಿಳಿಯುತ್ತಾನೆ, ಹಂಗಿಸಿದರೆ ಅವಮಾನವೆಂದು ತಿಳಿಯುತ್ತಾನೆ. ಎರಡಕ್ಕೂ ಮರುದಿನದಿಂದ ಕೆಲಸ ನಿಲ್ಲುತ್ತದೆ. ಕಾಡಿನ ಜಿಂಕೆ ನೀರಿಗೆ ಬಂದಾಗ ಉಸಿರು ಬಿಗಿಹಿಡಿದು ನೋಡುವಂತೆ ನೋಡಬೇಕು. ನಾನು ಹಾಗೆಯೇ ನೋಡಿದೆ. ಅಲ್ಲಿಂದ ಮುಂದೆ ಏಳು ಭಾನುವಾರ ಸಾಲಾಗಿ ಸೊನ್ನೆ ಬರೆದೆ. ಇಷ್ಟರಲ್ಲಿ ವರ್ಷಗಳಿಂದ ಕಿರುಗುಟ್ಟುತ್ತಿದ್ದ ಗೇಟು ಕೂಡ ತುಟಿ ಹೊಲಿದಂತೆ ಸುಮ್ಮನಾಯಿತು. ಡಬ್ಬಿಯಿಂದ ಆರಂಭವಾದ ಸುಧಾರಣೆ ಗೇಟಿನವರೆಗೂ ಹಬ್ಬಿದೆಯಲ್ಲ ಎಂದು ಹಿಗ್ಗಿ, ಅದನ್ನೂ ಗಂಡನ ಲೆಕ್ಕಕ್ಕೇ ಹಾಕಿದೆ. ರಾತ್ರಿ ಊಟಕ್ಕೆ ಅವರಿಗೊಂದು ಸೌಟು ಹೆಚ್ಚು ಬಡಿಸತೊಡಗಿದೆ. ಅವರೂ ಯಾಕೋ ನನ್ನನ್ನು ಕಂಡು ಮೆಲ್ಲಗೆ ನಗುತ್ತಿದ್ದರು.

ಮನೆಯಲ್ಲಿ ಬಾಯಿಗೆ ಬೀಗ ಹಾಕಿದರೆ ಆಫೀಸಿನಲ್ಲಿ ತೆಗೆಯಲೇಬೇಕಲ್ಲ. ಪಕ್ಕದ ಮೇಜಿನಾಕೆಗೆ ಹೇಳಿದೆ. ಆಕೆಯ ಗಂಡ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡುವುದನ್ನು ಹನ್ನೊಂದು ವರ್ಷದಿಂದ ಬಿಟ್ಟಿಲ್ಲ. ಆಕೆ ನನ್ನ ನೋಟ್‌ಬುಕ್ಕಿನ ಸೊನ್ನೆಗಳನ್ನು ಬೆರಳಿನಿಂದ ಸವರಿ ನಿಟ್ಟುಸಿರು ಬಿಟ್ಟಳು. ವಾರದೊಳಗೆ ಇಡೀ ಕಚೇರಿಗೆ ಸುದ್ದಿ. ಮಹಿಳಾ ನೌಕರರ ಸಂಘದ ಕಾರ್ಯದರ್ಶಿ ಬಂದು, ಒಂದು ಶನಿವಾರ ಮಧ್ಯಾಹ್ನ ನಾನು ಉಪನ್ಯಾಸ ಕೊಡಲೇಬೇಕೆಂದರು. ಸೂಚನಾ ಫಲಕದಲ್ಲಿ ದಪ್ಪಕ್ಷರ ಬಿತ್ತು: ‘ಮನೆಗೆಲಸದಲ್ಲಿ ಸಮಪಾಲು: ಒಂದು ಯಶಸ್ವಿ ಪ್ರಯೋಗ’. ಹೆಸರು ಕೊಟ್ಟವರು ಅವರು. ‘ಯಶಸ್ವಿ’ ಸೇರಿಸಿದವಳು ನಾನು.

ಅದೇ ಸಮಯಕ್ಕೆ ನನ್ನ ನಾದಿನಿಗೆ ಎರಡನೆಯ ಮಗುವಾಯಿತು. ಅತ್ತೆ ಬಾಣಂತನಕ್ಕೆಂದು ಹೊರಟು ಮೂರು ವಾರ ಅಲ್ಲಿದ್ದರು. ಆ ಮೂರು ವಾರ ನಾನು ಉಪನ್ಯಾಸ ಬರೆಯುವುದರಲ್ಲಿ ಮುಳುಗಿದ್ದೆ. ಬಾನೆಟ್ಟು ಎತ್ತಲಿಲ್ಲ. ಏಳು ಸಲ ಬಂದ ಫಲಿತಾಂಶ ಎಂಟನೆಯ ಸಲವೂ ಬರುತ್ತದೆಂದು ನಂಬಿ ನೀರಿನ ಮಾದರಿ ತೆಗೆಯದೆ ಸಹಿ ಹಾಕುವವರನ್ನು ನಾನು ನೋಟೀಸು ಕೊಟ್ಟು ಬೈಯುತ್ತೇನೆ. ಆದರೆ ಅದು ಬೇರೆ ವಿಷಯ.

ಉಪನ್ಯಾಸದ ದಿನ ಕಾರು ಓಡಿಸಿದವರು ನನ್ನ ಗಂಡ. ಹೆಂಡತಿಯ ಭಾಷಣ ಕೇಳಬೇಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಇಸ್ತ್ರಿ ಮಾಡಿದ್ದು ಯಾರೆಂದು ಹೇಳಬೇಕಾಗಿಲ್ಲ. ಭಾಷಣದ ನಾಯಕ ತಾವೇ ಎಂದು ಅವರಿಗೆ ಗೊತ್ತಿರಲಿಲ್ಲ. ವೇದಿಕೆಯ ಮೇಲಿಂದ ಹೇಳಿ ಬೆರಗುಗೊಳಿಸುವುದು ನನ್ನ ಯೋಜನೆ. ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಅಂದೇ ಮರಳಿದ್ದ ಅತ್ತೆಯನ್ನೂ ಹತ್ತಿಸಿಕೊಂಡೆವು. ಅವರು ಎರಡು ಚೀಲಗಳ ನಡುವೆ ಹಿಂದಿನ ಸೀಟಿನಲ್ಲಿ ಕುಳಿತರು.

ಆಫೀಸಿಗೆ ಮೊದಲು ಒಂದು ಸೇತುವೆಯ ಏರು ಸಿಗುತ್ತದೆ. ಮೂರು ವಾರದ ನಂತರ ಸಿಕ್ಕ ತಾಯಿಗೆ ಮಗನ ಪ್ರತಾಪ ತೋರಿಸಬೇಡವೇ? ಅವರು ಆಕ್ಸಿಲರೇಟರನ್ನು ಒತ್ತಿ ಹಿಡಿದರು. ಕಾರು ಗುಟುರು ಹಾಕಿ ಏರಿತು. ಏರಿನ ತುದಿಯಲ್ಲಿ ಬಾನೆಟ್ಟಿನ ಕೆಳಗೆ ‘ಟಪ್’ ಎಂದಿತು. ಹಿಂತಿರುಗಿ ನೋಡಿದೆ; ಹಿಂದಿನ ಗಾಜಿನಲ್ಲಿ ನಗರವೇ ಇರಲಿಲ್ಲ! ನೀಲಿ ಬೆರೆತ ಬಿಳಿ ಹೊಗೆ, ಅದರೊಳಗಿಂದ ಬಸ್ಸೊಂದರ ಹಾರ್ನು, ಸೈಕಲ್ಲಿನವನೊಬ್ಬನ ಕೆಮ್ಮು, ಕೆಮ್ಮಿನ ನಡುವೆ ನಮ್ಮ ವಂಶಾವಳಿಯ ಬಗ್ಗೆ ಕೆಲವು ಮಾತುಗಳು. ಕಾರು ಉಬ್ಬಸದಿಂದ ಕೊಸರಾಡುತ್ತಾ ಇಳಿದು, ನನ್ನ ಆಫೀಸಿನ ಗೇಟಿಗೆ ನೂರು ಹೆಜ್ಜೆ ಉಳಿದಿದ್ದಾಗ ನಿಂತಿತು. ಗೇಟಿನಲ್ಲಿ ಸಂಘದ ಕಾರ್ಯದರ್ಶಿ ಹೂಗುಚ್ಛ ಹಿಡಿದು ನಿಂತಿದ್ದರು.

ಬಾನೆಟ್ಟು ಎತ್ತಿದೆವು. ಎಣ್ಣೆ ಅಳೆಯುವ ಕಡ್ಡಿ ತನ್ನ ಗೂಡಿನಿಂದ ಹಾರಿ ಪಕ್ಕಕ್ಕೆ ಬಿದ್ದಿತ್ತು. ಎಲ್ಲೆಲ್ಲೂ ಎಣ್ಣೆ. ನಡುವೆ ಆ ಕೆಂಪು ಡಬ್ಬಿ, ಕಂಠಮಟ್ಟ ತುಂಬಿ, ಕೆನೆ ಉಕ್ಕಿಸುತ್ತಾ ನನ್ನನ್ನೇ ನೋಡುತ್ತಿತ್ತು. ತುಂಬಿದ ಡಬ್ಬಿಯಲ್ಲಿ ಜಾಗವಿಲ್ಲದೆ ಗಸಿಯೆಲ್ಲ ಎಂಜಿನ್ನಿನ ಉಸಿರಿಗೆ ಹೋಗಿತ್ತು. ಸ್ಟೀಲ್ ನಾರು ಗಸಿ ಹಿಡಿದು ಮುಚ್ಚಿಹೋಗಿ, ಹೊಟ್ಟೆಯ ಗಾಳಿಗೆ ದಾರಿಯಿಲ್ಲದೆ ಅದು ಕಡ್ಡಿಯನ್ನು ಎತ್ತಿ ಎಸೆದಿತ್ತು.

“ಯಾಕೆ, ಖಾಲಿ ಮಾಡ್ಲಿಲ್ವಾ?” ಎಂದರು ನನ್ನ ಗಂಡ.

ನನಗೆ ಪಿತ್ತ ನೆತ್ತಿಗೇರಿತು. “ಅದನ್ನ ನಾನು ನಿಮಗೆ ಕೇಳ್ಬೇಕು. ಇಷ್ಟು ದಿನ ಚೆನ್ನಾಗಿ ಮಾಡ್ಕೊಂಡು ಬಂದೋರು ಇವತ್ತೇ ಕೈ ಕೊಟ್ರಲ್ಲ.”

“ನಾನಾ? ನಾನ್ಯಾವತ್ತು ಮಾಡ್ದೆ? ಮಾಡ್ತಿದ್ದೋಳು ನೀನು.”

“ನಾನು ಅದನ್ನ ಮುಟ್ಟಿ ಮೂರು ತಿಂಗಳಾಯ್ತು.”

“ಸುಮ್ನಿರು. ಪ್ರತಿಜ್ಞೆ ಮಾಡಿ ಮೂರನೇ ವಾರಕ್ಕೇ ಸೋತು ಖಾಲಿ ಮಾಡಿದ್ದೆ, ನಾನು ನೋಡಿದೀನಿ. ನಿನಗೆ ಅವಮಾನ ಆಗ್ಬಾರ್ದು ಅಂತ ಬಾಯಿ ಬಿಟ್ಟಿರ್ಲಿಲ್ಲ.”

ಕೇಳಿದಿರಾ? ನಾನು ಜಿಂಕೆಯನ್ನು ನೋಡುತ್ತಿದ್ದೇನೆಂದುಕೊಂಡ ಅಷ್ಟು ದಿನವೂ ಜಿಂಕೆ ನನ್ನನ್ನು ನೋಡಿ ಕನಿಕರಪಡುತ್ತಿತ್ತು! ಆ ಮೆಲುನಗೆ ಗೆಲುವಿನದಾಗಿತ್ತು! ಊರಿನವರಿಗೆಲ್ಲ ದೃಷ್ಟಿ ಪರೀಕ್ಷೆ ಮಾಡುವ ಮನುಷ್ಯ ಸೋಲದವಳಲ್ಲಿ ಸೋಲು ಕಂಡು, ಅದನ್ನು ಎರಡೂವರೆ ತಿಂಗಳು ಕ್ಷಮಿಸುತ್ತಾ ಕೂತಿದ್ದರು. ಹೆಚ್ಚುವರಿ ಸೌಟುಗಳನ್ನೆಲ್ಲ ಆಗಿಂದಾಗಲೇ ವಾಪಸು ಕೇಳಬೇಕೆನಿಸಿತು.

ಹಿಂದಿನ ಬಾಗಿಲು ತೆರೆಯಿತು. ಅತ್ತೆ ನಿಧಾನವಾಗಿ, ಒಂದು ಕೈಯಲ್ಲಿ ಮೊಣಕಾಲು ಹಿಡಿದುಕೊಂಡು ಇಳಿದರು. ನಮ್ಮಿಬ್ಬರ ನಡುವೆ ತಲೆ ತೂರಿಸಿ, ಡಬ್ಬಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ನೋಡುವ ಮುಖ.

“ಅಯ್ಯೋ, ಮೂರು ವಾರದಿಂದ ಇದನ್ನ ಯಾರೂ ಬಸಿದೇ ಇಲ್ವಾ?”

ನಾವು ಗಂಡ ಹೆಂಡತಿ ಮೊದಲು ಅವರನ್ನು ನೋಡಿದೆವು, ಆಮೇಲೆ ಒಬ್ಬರನ್ನೊಬ್ಬರು, ಆಮೇಲೆ ಎಲ್ಲರಿಗಿಂತ ಸುರಕ್ಷಿತವಾಗಿ ಕಂಡ ಡಬ್ಬಿಯನ್ನು.

ಅವರು ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ ಹೇಳಿದರು. ಶನಿವಾರ ಬೆಳಿಗ್ಗೆ ನಾವಿಬ್ಬರೂ ಎಂಟರವರೆಗೆ ಮಲಗಿರುತ್ತೇವೆ. ಗಿಡಗಳಿಗೆ ನೀರು ಹಾಕಿ ಬರುವಾಗ ಕಾರಿನ ಮುಂದೆ ಒಂದು ಮಣೆ ಹಾಕಿ, ಅದರ ಮೇಲೆ ನಿಂತು ಡಬ್ಬಿ ಬಸಿಯುತ್ತಿದ್ದರಂತೆ. ನಾನು ಬಸಿಯುವುದನ್ನು ಕಿಟಕಿಯಿಂದ ನೋಡಿ ಕಲಿತದ್ದು. ಗಸಿಯನ್ನು ಬಾಟಲಿಯಲ್ಲಿ ಎರಡು ದಿನ ಇಟ್ಟರೆ ನೀರು ಕೆಳಗಿಳಿದು ಎಣ್ಣೆ ಮೇಲೆ ನಿಲ್ಲುತ್ತದೆ. ಆ ಎಣ್ಣೆ ಚೆಲ್ಲುವುದೇಕೆಂದು ಮನೆಯ ಗೇಟಿನ ಸಂದಿಗೆ ಬಿಟ್ಟರಂತೆ.

“ಒಂದು ಡಬ್ಬಿಗೋಸ್ಕರ ಇಬ್ರೂ ಮುಖ ಊದಿಸ್ಕೊಂಡು ಕೂತ್ರೆ, ನಡುವೆ ಕೂತು ಊಟ ಮಾಡ್ಬೇಕಾದೋಳು ನಾನಲ್ವೇನೇ?”

“ನನಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?”

“ನೀನು ಯಾರಿಗೆ ಕೇಳ್ದೆ?”

ನಿಜ. ಕೊಳವೆಯಲ್ಲಿ ಎಷ್ಟಿದೆ ಎಂದು ಬರೆದೆ. ಯಾರು ಖಾಲಿ ಮಾಡಿದರೆಂಬ ಕಾಲಮ್ಮನ್ನೇ ನಾನು ಎಳೆದಿರಲಿಲ್ಲ. ನನ್ನ ಮುಷ್ಕರ ನಲವತ್ತು ವರ್ಷದ ಬೆನ್ನಿನಿಂದ ಕೆಲಸವನ್ನು ಇಳಿಸಿ, ಅರವತ್ತೆಂಟು ವರ್ಷದ ಮೊಣಕಾಲಿನ ಮೇಲೆ ಇಟ್ಟಿತ್ತು. ನನ್ನ ಗಂಡ ಮಾತ್ರ ಪತ್ರಿಕೆಯ ಅದೇ ಪುಟದಲ್ಲಿದ್ದರು.

ಕಾರ್ಯದರ್ಶಿ ಹೂಗುಚ್ಛವನ್ನು ಮೂಗಿಗೆ ಅಡ್ಡ ಹಿಡಿದು ಬಂದು ಸಭೆ ಕಾಯುತ್ತಿದೆಯೆಂದರು. ಗಂಡನನ್ನು ಕಾರಿನ ಬಳಿ ಬಿಟ್ಟು, ಅತ್ತೆಯ ಕೈ ಹಿಡಿದು ಹೋದೆ. ಸಭಾಂಗಣದಲ್ಲಿ ಅರವತ್ತು ಹೆಂಗಸರು, ಕೆಲವರ ಕೈಯಲ್ಲಿ ಹೊಸ ನೋಟ್‌ಬುಕ್ಕು. ಪಕ್ಕದ ಮೇಜಿನಾಕೆ ಗೆರೆ ಕೂಡ ಎಳೆದುಕೊಂಡು ಬಂದಿದ್ದಳು. ಅತ್ತೆಯನ್ನು ಮೊದಲ ಸಾಲಿನಲ್ಲೇ ಕೂರಿಸಿದರು.

ಓದಲು ಆರಂಭಿಸಿದೆ: “ನಮ್ಮ ಮನೆಯಲ್ಲಿ ಇಂದು ಗಂಡಸು ತನ್ನ ಪಾಲಿನ ಕೆಲಸವನ್ನು, ಯಾರೂ ಹೇಳದೆ, ಸದ್ದಿಲ್ಲದೆ...” ಅತ್ತೆ ಕರವಸ್ತ್ರದಿಂದ ಉಗುರಿನ ಸಂದಿಯ ಎಣ್ಣೆ ಒರೆಸಿಕೊಳ್ಳುತ್ತಿದ್ದರು. ಹನ್ನೆರಡು ಪುಟ ಮಡಚಿ ಚೀಲಕ್ಕೆ ಹಾಕಿದೆ. ನಡೆದದ್ದನ್ನು ನಡೆದಂತೆ ಹೇಳಿಬಿಟ್ಟೆ. ಸಭೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದು, ಬರುವಾಗ ತನ್ನ ತಾಯಿಗೆ ಮಗುವನ್ನು ಕೊಟ್ಟು ಬಂದಿರುವುದಾಗಿಯೂ, ತಾಯಿಯ ಬೆನ್ನುನೋವು ಈಗಷ್ಟೇ ನೆನಪಾಯಿತೆಂದೂ ಹೇಳಿ ಹೊರಟುಹೋದಳು. ಇಂಥ ಪರಿಣಾಮ ಬೀರಿದ ಉಪನ್ಯಾಸ ನಮ್ಮ ಸಂಘದಲ್ಲಿ ಹಿಂದೆ ನಡೆದಿರಲಿಲ್ಲ.

ಹೊರಗೆ ಬಂದರೆ ಗಂಡನ ಇಸ್ತ್ರಿ ಅಂಗಿ ನಾಡಿನ ಭೂಪಟವಾಗಿತ್ತು. ಡಬ್ಬಿ ಬಿಚ್ಚಿ, ಬಸಿದು, ಸ್ಟೀಲ್ ನಾರು ಕಿತ್ತೊಗೆದು, ಕಡ್ಡಿ ಸಿಕ್ಕಿಸಿದ್ದರು. ತಾಯಿಯ ಮುಖ ನೋಡಲಾಗದೆ ನನ್ನ ಮುಖ ನೋಡಿದರು.

“ಇನ್ಮೇಲೆ ಈ ಗೋಳೇ ಇರಲ್ಲ. ಇದರ ಎರಡರಷ್ಟು ದೊಡ್ಡ ಡಬ್ಬಿ ಹಾಕ್ತೀನಿ.”

ಆಗ ನಾನು ರಸ್ತೆಯಲ್ಲೇ ಮಾಡಿದ ಭಾಷಣ ಸಭಾಂಗಣದ್ದಕ್ಕಿಂತ ಚೆನ್ನಾಗಿತ್ತೆಂದು ಕಾರ್ಯದರ್ಶಿ ಆಮೇಲೆ ಹೇಳಿದರು. ಡಬ್ಬಿ ಎಷ್ಟು ದೊಡ್ಡದೆಂಬುದು ಪ್ರಶ್ನೆಯಲ್ಲ, ನಲ್ಲಿ ತಿರುಗಿಸುವ ಕೈ ಯಾರದು ಎಂಬುದು ಪ್ರಶ್ನೆ. ಆ ಕೈ ಇಂದಿನಿಂದ ನಿಮ್ಮದು, ನನ್ನದಲ್ಲ, ಅತ್ತೆಯದಂತೂ ಅಲ್ಲವೇ ಅಲ್ಲ ಎಂದೆ. ಅವರು ಕಪ್ಪಾದ ತಮ್ಮ ಕೈಗಳನ್ನು ಮೊದಲ ಸಲ ಕಾಣುವವರಂತೆ ಕಂಡು, “ಆಯ್ತು” ಎಂದರು. ಬೇರೆ ವಿಷಯ ಎನ್ನಲಿಲ್ಲ.

ಕಾರು ಕೆಮ್ಮುತ್ತಾ, ಸೈಕಲ್ಲುಗಳಿಗೆ ದಾರಿ ಬಿಡುತ್ತಾ ಮನೆಯ ಕಡೆ ಹೊರಟಿತು. ನನ್ನ ಆವೇಶ ಇನ್ನೂ ಇಳಿದಿರಲಿಲ್ಲ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದೆ: “ಇವತ್ತಿನಿಂದ ಮನೇಲಿ ನಮಗೆ ಗೊತ್ತಿಲ್ಲದ ಹಾಗೆ ನೀವು ಒಂದು ಕೆಲಸಾನೂ ಮಾಡೋ ಹಾಗಿಲ್ಲ. ಎಲ್ಲಾನೂ ಬರೆದು, ಹಂಚಿಕೊಂಡೇ ಮಾಡೋದು.”

“ಆಗ್ಲಿ ಕಣಮ್ಮ,” ಎಂದರು ಅತ್ತೆ, ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಾ. “ಹಾಗಾದ್ರೆ ಮೊದಲು ಇದನ್ನ ಬರ್ಕೋ. ಬಚ್ಚಲಿನ ಜಾಲರಿ ಬಿಚ್ಚಿ ಕೂದಲು ತೆಗೆಯೋದು, ವಾರಕ್ಕೆರಡು ಸಲ. ನಾನಿಲ್ಲದ ಮೂರು ವಾರ ನಿಮ್ಮಿಬ್ಬರಲ್ಲಿ ಯಾರು ತೆಗೆದ್ರಿ?”

“ಯಾವ ಜಾಲರಿ?” ಎಂದೆವು ಗಂಡ ಹೆಂಡತಿ, ಒಂದೇ ಉಸಿರಿನಲ್ಲಿ.